‘ಹೇಳಿ’ ಅಂದರೆ ‘ಏಳಿ’ ಅಂತ ಕೇಳುತ್ತದಂತೆ: ಮಳೆಗಾಲ, ತಗಡಿನ ಶೀಟು, ನನ್ನ ಹೆಡ್‌ಸೆಟ್

ತಗಡುಶೀಟು | ಕಾಪು | ಶುಕ್ರವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ನಾನು ಮನೆಯಿಂದ ಕೆಲಸ ಮಾಡುವವನು. ಗ್ರಾಹಕರ ಫೋನ್ ತೆಗೆಯುವ ಕೆಲಸ, ಕನ್ನಡ ಲೈನ್. ಮಹಡಿ ಮೇಲೆ ಒಂದು ಕೋಣೆ, ಅದಕ್ಕೆ ತಗಡಿನ ಶೀಟು. ಮೇ ತನಕ ಸೆಕೆ ಬಿಟ್ಟರೆ ಬೇರೆ ಎಂತದೂ ತೊಂದರೆ ಇರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಶುರುವಾಯಿತು ನೋಡಿ ಕತೆ.

ಫೋನ್ ತೆಗೆದ ಕೂಡಲೇ ನಾನು ‘ಹೇಳಿ ಸರ್’ ಅನ್ನುತ್ತೇನೆ. ಆಚೆಯವರಿಗೆ ಕೇಳುವುದು ‘ಏಳಿ ಸರ್’. ಬೆಳಿಗ್ಗೆ ಎಂಟಕ್ಕೆ ಒಬ್ಬರು ಹಿರಿಯರು ‘ನಾನು ಐದಕ್ಕೇ ಎದ್ದಿದ್ದೇನೆ, ನೀನು ಎಂತ ಏಳಿಸುವುದು’ ಅಂತ ಜೋರು ಮಾಡಿದರು. ಮೊದಲು ನಗು ಬಂತು. ಆಮೇಲೆ ‘ಹತ್ತು ದಿನ’ ಅಂದದ್ದು ‘ಅತ್ತು ದಿನ’ ಆಯಿತು. ‘ಸರಿ’ ಅಂದದ್ದು ‘ಅರಿ’. ತಿಂಗಳ ಕೊನೆಗೆ ಕ್ವಾಲಿಟಿ ಮಾರ್ಕಿನಲ್ಲಿ ‘ಉಚ್ಚಾರಣೆ ಸ್ಪಷ್ಟ ಇಲ್ಲ’ ಅಂತ ಕೆಂಪು ಗೆರೆ. ಶಾಲೆಯಲ್ಲಿ ಭಾಷಣಕ್ಕೆ ಪ್ರೈಜ್ ತೆಗೆದುಕೊಂಡವನು ಮಾರಾಯ್ರೆ ನಾನು!

ಒಂದು ಟೆಸ್ಟ್ ಮಾಡಿದೆ. ಮೊಬೈಲಿನ ರೆಕಾರ್ಡರ್ ಇಟ್ಟು ಮಾತಾಡಿದರೆ ‘ಹೇಳಿ’ ಸರಿಯಾಗಿಯೇ ಉಂಟು, ಹಿಂದೆ ಮಳೆ ಧೋ ಅಂತ ಕೇಳುತ್ತದೆ. ಅದೇ ಹೆಡ್‌ಸೆಟ್ ಹಾಕಿ ತಂಗಿಗೆ ಕಾಲ್ ಮಾಡಿ, ಅವಳ ಕಡೆಯಿಂದ ರೆಕಾರ್ಡ್ ಮಾಡಿಸಿದೆ. ಮಳೆ ಇಲ್ಲವೇ ಇಲ್ಲ. ಜೊತೆಗೆ ನನ್ನ ‘ಹ’ವೂ ಇಲ್ಲ.

ಹೊಸ ಹೆಡ್‌ಸೆಟ್ ತೆಗೆಯಬೇಕಾ? ಬಜೆಟ್ ಜಾಸ್ತಿ ಇಲ್ಲ.

ಪಡುಬಿದ್ರಿಜಂಕ್ಷನ್ | ಶುಕ್ರವಾರ ರಾತ್ರಿ 10:58

ಹ ನುಂಗಲಿಕ್ಕೆ ಹೆಡ್‌ಸೆಟ್ ಬೇಕಾ? ನಮ್ಮ ಮಾವ ಹುಟ್ಟಿದಾಗಿನಿಂದ ‘ಆಲು, ಅಣ್ಣು’ ಅಂತಲೇ ಹೇಳುವುದು. ಅವರಿಗೆ ಯಾರೂ ಮಾರ್ಕು ಕಡಿಮೆ ಮಾಡಿಲ್ಲ.

ತಮಾಷೆ ಬಿಡಿ. ಎಎನ್‌ಸಿ, ಅಂದರೆ ಹೊರಗಿನ ಸದ್ದು ಅಳಿಸುವ ವ್ಯವಸ್ಥೆ ಇರುವುದನ್ನು ತೆಗೆದುಕೊಳ್ಳಿ, ಎಲ್ಲ ಸರಿಯಾಗುತ್ತದೆ. ನನ್ನ ಹತ್ತಿರ ಉಂಟು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟಲ್ಲಿ ಕೂತರೂ ಸದ್ದೇ ಇಲ್ಲ.

ಸೋಲ್ಡರ್‌ಮಾಮ | ಮಣಿಪಾಲ | ಶನಿವಾರ ಬೆಳಿಗ್ಗೆ 7:15

ಮೊದಲು ಜಂಕ್ಷನ್ ಅವರಿಗೆ. ಎಎನ್‌ಸಿ ಇರುವುದು ನಿಮ್ಮ ಕಿವಿಗೆ, ಆಚೆಯವರ ಕಿವಿಗೆ ಅಲ್ಲ. ಹೊರಗಿನ ಸದ್ದನ್ನು ಒಂದು ಮೈಕ್ ಹಿಡಿಯುತ್ತದೆ, ಅದರ ತಲೆಕೆಳಗಾದ ಅಲೆಯನ್ನು ಸ್ಪೀಕರ್ ಕಿವಿಯೊಳಗೆ ಬಿಡುತ್ತದೆ, ಎರಡೂ ಸೇರಿ ಸೊನ್ನೆಯ ಹತ್ತಿರ ಬರುತ್ತದೆ. ಬಸ್ಸಿನ ಇಂಜಿನ್ನಿನಂಥ ತಗ್ಗು ಗುಡುಗುಡು ಸದ್ದಿಗೆ ಇದು ಚೆನ್ನಾಗಿ ಹಿಡಿಯುತ್ತದೆ. ತಗಡಿನ ಮೇಲಿನ ಮಳೆಯ ಚರಚರಕ್ಕೆ ಅಷ್ಟು ಹಿಡಿಯುವುದಿಲ್ಲ. ಅದೇನೇ ಇರಲಿ, ತಗಡುಶೀಟು ಅವರ ರೋಗ ಬಾಯಿಯ ಕಡೆಯದು. ನೀವು ಕೊಟ್ಟದ್ದು ಕಿವಿಯ ಮದ್ದು.

ಈ ಎಎನ್‌ಸಿ ಕತೆಯೂ ಗಮ್ಮತ್ತಿನದು. ಜರ್ಮನಿಯ ಪೌಲ್ ಲ್ಯೂಗ್ ಎನ್ನುವವರಿಗೆ ಇದರ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಆಗಿನ ವಾಲ್ವು ಸರ್ಕ್ಯೂಟಿನಲ್ಲಿ ಅದನ್ನು ತಲೆ ಮೇಲೆ ಹೊರುವಷ್ಟು ಸಣ್ಣದು ಮಾಡುವುದು ಸಾಧ್ಯ ಇರಲಿಲ್ಲ. 1978ರಲ್ಲಿ ಅಮರ್ ಬೋಸ್ ಜೂರಿಕ್‌ನಿಂದ ವಿಮಾನದಲ್ಲಿ ವಾಪಸ್ ಬರುವಾಗ, ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ ಸದ್ದು ಬಿಟ್ಟರೆ ಎಂತದೂ ಕೇಳದೆ, ಅಲ್ಲೇ ಕೂತು ಲೆಕ್ಕ ಶುರು ಮಾಡಿದರು. ಪೈಲಟ್‌ಗಳ ಹೆಡ್‌ಸೆಟ್ ಆಗಿ ಅವರ ಕಂಪನಿಯಿಂದ ಅದು ಮಾರ್ಕೆಟಿಗೆ ಬಂದದ್ದು 1989ಕ್ಕೆ. ಲ್ಯೂಗ್ ಅವರ ಪೇಟೆಂಟಿನ ಅವಧಿ ಎಂದೋ ಮುಗಿದಿತ್ತು.

ಇನ್ನು ನಿಮ್ಮ ‘ಹ’. ನಾನು ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷ ಆಡಿಯೋ ಚಿಪ್ಪಿನ ಕೆಲಸ ಮಾಡಿದವನು, ಹಾಗಾಗಿ ಸ್ವಲ್ಪ ಕೊರೆಯುತ್ತೇನೆ.

ಹೆಡ್‌ಸೆಟ್‌ನಲ್ಲೋ ಅದು ಸೇರಿದ ಆ್ಯಪ್‌ನಲ್ಲೋ ಒಬ್ಬ ಗೇಟ್ ಕಾಯುವವ ಇದ್ದಾನೆ. ಅವನ ಕೆಲಸ ಒಂದೇ. ಈಗ ಬಂದದ್ದು ಮಾತಾ, ಸದ್ದಾ? ಮಾತಾದರೆ ಗೇಟು ತೆರೆ, ಸದ್ದಾದರೆ ಹಾಕು. ಇದಕ್ಕೆ ವಾಯ್ಸ್ ಆ್ಯಕ್ಟಿವಿಟಿ ಡಿಟೆಕ್ಷನ್ ಅನ್ನುತ್ತಾರೆ, ಕೆಲಸದವರ ಬಾಯಲ್ಲಿ ‘ವ್ಯಾಡ್’. ಧ್ವನಿಯನ್ನು 10 ಅಥವಾ 20 ಮಿಲಿಸೆಕೆಂಡಿನ ತುಂಡು ಮಾಡಿ, ಒಂದೊಂದು ತುಂಡಿಗೂ ಪ್ರಶ್ನೆ ಹಾಕುತ್ತಾನೆ. ಹಳೆಯ ವಿಧಾನದಲ್ಲಿ ಮುಖ್ಯ ಪ್ರಶ್ನೆ ಎರಡು. ಒಂದು, ಈ ತುಂಡಿನಲ್ಲಿ ಜೋರು ಎಷ್ಟು? ಎರಡು, ಅಲೆ ಮೇಲೆ ಕೆಳಗೆ ಆಗುವಾಗ ನಡುವಿನ ಸೊನ್ನೆ ಗೆರೆಯನ್ನು ಎಷ್ಟು ಸರ್ತಿ ದಾಟಿತು?

ಎರಡನೆಯದು ಯಾಕೆ ಅಂದರೆ ‘ಸ’, ‘ಶ’, ‘ಹ’ದಂಥ ಅಕ್ಷರಗಳಿಗಾಗಿ. ‘ಆ’ ಅನ್ನುವಾಗ ಗಂಟಲು ನಡುಗುತ್ತದೆ, ಕೈ ಇಟ್ಟು ನೋಡಿ. ‘ಸ್ಸ್ಸ್’ ಅನ್ನುವಾಗ ನಡುಗುವುದಿಲ್ಲ, ಬರೀ ಗಾಳಿ. ಜೋರು ಕಡಿಮೆ. ಆದರೆ ಅಲೆ ತುಂಬಾ ಬೇಗ ಬೇಗ ಸೊನ್ನೆ ದಾಟುತ್ತದೆ. ಹಾಗಾಗಿ ‘ಜೋರಿಲ್ಲ, ಆದರೂ ಮಾತೇ’ ಅಂತ ಗೇಟಿನವ ಬಿಡುತ್ತಾನೆ. ಪಾಪದ ಅಕ್ಷರಗಳಿಗೆ ಒಂದು ರಿಸರ್ವೇಶನ್ ಇದ್ದ ಹಾಗೆ.

ಈಗ ತಗಡಿನ ಮೇಲೆ ಮಳೆ ತನ್ನಿ. ಮಳೆಯೂ ಹಾಗೇ ಬೇಗ ಬೇಗ ಸೊನ್ನೆ ದಾಟುವ ಸದ್ದು! ನಿಮ್ಮ ‘ಸ’ ಮತ್ತು ಮಳೆ ಒಂದೇ ಬಟ್ಟೆ ಹಾಕಿಕೊಂಡು ಗೇಟಿಗೆ ಬರುತ್ತವೆ. ಅವನಿಗೆ ಗುರುತು ಸಿಗುವುದಿಲ್ಲ, ಎರಡನ್ನೂ ಹೊರಗೆ ಹಾಕುತ್ತಾನೆ. ಹಿಂದೆ ಬರುವ ‘ಏ’ ಜೋರಾಗಿರುವುದರಿಂದ ಒಳಗೆ ಬರುತ್ತದೆ. ‘ಹೇಳಿ’ ಹೋಗಿ ‘ಏಳಿ’ ಆದದ್ದು ಹೀಗೆ.

ಒಂದು ಕೆಲಸ ಮಾಡಿ. ಸುಮ್ಮನೆ ಇದ್ದು ಒಂದು ಸರ್ತಿ ‘ಹತ್ತು’ ಅನ್ನಿ. ಆಮೇಲೆ ನಿಲ್ಲಿಸದೆ ‘ನನಗೆ ಹತ್ತು ಬೇಕು’ ಅನ್ನಿ. ಎರಡರಲ್ಲೂ ‘ಹ’ ಹೋಗುತ್ತದಾ ನೋಡಿ.

ತಗಡುಶೀಟು | ಶನಿವಾರ ಮಧ್ಯಾಹ್ನ 1:30

ಮಾಮ, ಮಾಡಿದೆ. ಸುಮ್ಮನಿದ್ದು ಹೇಳಿದರೆ ‘ಅತ್ತು’. ನಡುವೆ ಹೇಳಿದರೆ ‘ಹತ್ತು’ ಸರಿ ಉಂಟು, ಸ್ವಲ್ಪ ಸಪೂರ ಅಷ್ಟೆ. ಇದು ಯಾಕೆ? ಮತ್ತೆ, ಗೇಟೇ ಯಾಕೆ ಬೇಕು? ತೆರೆದೇ ಇಟ್ಟರೆ ಯಾರ ಗಂಟು ಹೋಗುತ್ತದೆ?

ಸೋಲ್ಡರ್‌ಮಾಮ | ಶನಿವಾರ ಸಂಜೆ 4:05

ನಡುವೆ ಸರಿ ಇರುವುದು ಯಾಕೆ ಅಂದರೆ, ಗೇಟು ಒಮ್ಮೆ ತೆರೆದರೆ ತಕ್ಷಣ ಹಾಕುವುದಿಲ್ಲ. ಮಾತು ನಿಂತ ಮೇಲೂ ನೂರು ಇನ್ನೂರು ಮಿಲಿಸೆಕೆಂಡ್ ತೆರೆದೇ ಇರುತ್ತದೆ. ಹ್ಯಾಂಗೋವರ್ ಅನ್ನುತ್ತಾರೆ, ನಿಜವಾಗಿ ಅದೇ ಹೆಸರು, ನಗಬೇಡಿ. ಹಾಗಾಗಿ ಮಾತಿನ ಬಾಲ ತುಂಡಾಗುವುದು ಕಡಿಮೆ. ತಲೆ ತುಂಡಾಗುವುದು ಜಾಸ್ತಿ.

ಗೇಟು ಯಾಕೆ ಅಂತ ಕೇಳಿದಿರಿ. ಇದು ಮೊದಲು ಬಂದದ್ದು ಸದ್ದು ಕಡಿಮೆ ಮಾಡಲಿಕ್ಕೆ ಅಲ್ಲ, ತಂತಿ ಉಳಿಸಲಿಕ್ಕೆ. 1956ರಲ್ಲಿ ಅಟ್ಲಾಂಟಿಕ್ ಸಮುದ್ರದ ಅಡಿಯಲ್ಲಿ ಮೊದಲ ಟೆಲಿಫೋನ್ ಕೇಬಲ್ ಹಾಕಿದರು. ಸ್ಕಾಟ್ಲೆಂಡಿನ ಓಬನ್‌ನಿಂದ ಕೆನಡಾ ಕಡೆಯ ನ್ಯೂಫೌಂಡ್‌ಲ್ಯಾಂಡ್‌ಗೆ. ಅಷ್ಟು ಖರ್ಚಿನ ಕೇಬಲಿನಲ್ಲಿ ಒಂದೇ ಹೊತ್ತಿಗೆ ಹೋಗುತ್ತಿದ್ದದ್ದು 36 ಮಾತುಕತೆ. ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಒಂದು ವಿಷಯ ಗಮನಿಸಿದರು. ಫೋನಿನಲ್ಲಿ ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನೆ ಕೇಳುತ್ತಾನೆ. ಅಂದರೆ ಒಂದು ದಿಕ್ಕಿನ ದಾರಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಖಾಲಿ. ಆ ಖಾಲಿ ಹೊತ್ತಿನಲ್ಲಿ ಬೇರೊಬ್ಬರ ಮಾತು ತುರುಕಿದರೆ? 1960ರಲ್ಲಿ ‘ಟಾಸಿ’ ಎನ್ನುವ ವ್ಯವಸ್ಥೆ ಬಂತು. ಯಾರು ಬಾಯಿ ತೆರೆದರು ಅಂತ ಪತ್ತೆ ಮಾಡುವುದು, ಆ ಕ್ಷಣ ಖಾಲಿ ಇರುವ ದಾರಿ ಅವರಿಗೆ ಕೊಡುವುದು. ಅದೇ ಕೇಬಲಿನಲ್ಲಿ ಸುಮಾರು ಎರಡು ಪಟ್ಟು ಜನ ಮಾತಾಡಿದರು. ನಮ್ಮ ಸರ್ವಿಸ್ ಬಸ್ಸಿನ ಕಂಡಕ್ಟರ್ ಬುದ್ಧಿಯೇ ಇದು. ಉಚ್ಚಿಲದಲ್ಲಿ ಒಬ್ಬ ಎದ್ದರೆ ಅದೇ ಸೀಟಿಗೆ ಎರ್ಮಾಳಿನವ.

ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಏನಾಗುತ್ತಿತ್ತು ಗೊತ್ತಾ? ದಾರಿ ಸಿಗುವ ತನಕ ಕೆಲವರ ಮಾತಿನ ತಲೆ ತುಂಡಾಗುತ್ತಿತ್ತು. ನಿಮ್ಮ ‘ಏಳಿ’ಗೆ ಅರುವತ್ತು ವರ್ಷ ದಾಟಿದ ವಂಶಾವಳಿ ಉಂಟು.

ಆಮೇಲೆ ಮೊಬೈಲಿಗೆ ಬ್ಯಾಟರಿ ಉಳಿಸಲಿಕ್ಕೆ ಅದೇ ಬಂತು. ಮಾತಿಲ್ಲದಾಗ ರೇಡಿಯೋ ಬಂದ್. ಆದರೆ ಪೂರಾ ನಿಶ್ಶಬ್ದ ಆದರೆ ಜನ ‘ಹಲೋ ಹಲೋ, ಕಟ್ಟಾಯ್ತಾ’ ಅಂತ ಕೂಗುತ್ತಾರಲ್ಲ, ಅದಕ್ಕೆ ಕೇಳುವವರ ಫೋನಿನಲ್ಲೇ ಸುಳ್ಳು ಸರಸರ ಸದ್ದು ಹುಟ್ಟಿಸುತ್ತಾರೆ. ಕಂಫರ್ಟ್ ನಾಯ್ಸ್. ಸಮಾಧಾನಕ್ಕೆ ಕೊಡುವ ಸದ್ದು.

ಕಿವಿಮಾತು | ಮಂಗಳೂರು, ಬೆಂದೂರ್‌ವೆಲ್ | ಶನಿವಾರ ರಾತ್ರಿ 9:20

ನಾನು ಶ್ರವಣ ಪರೀಕ್ಷೆ ಮಾಡುವವಳು. ಯಂತ್ರದ ಬಗ್ಗೆ ಮಾಮ ಹೇಳಿ ಆಯಿತು. ನಾನು ಮನುಷ್ಯನ ಬಗ್ಗೆ ಕೇಳುತ್ತೇನೆ. ತಗಡುಶೀಟು ಅವರೇ, ಮಳೆ ಬರುವಾಗ ನೀವು ಕಿರುಚುತ್ತೀರಾ?

ತಗಡುಶೀಟು | ಶನಿವಾರ ರಾತ್ರಿ 9:31

ಹೌದು ಅಕ್ಕ. ಅಮ್ಮ ಕೆಳಗಿನಿಂದ ‘ಯಾರ ಹತ್ತಿರ ಜಗಳ’ ಅಂತ ಕೇಳುತ್ತಾರೆ.

ಕಿವಿಮಾತು | ಶನಿವಾರ ರಾತ್ರಿ 9:50

ಅದೇ. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆ ಧ್ವನಿ ಏರಿಸುತ್ತಾನೆ. 1911ರಲ್ಲಿ ಲೊಂಬಾರ್ಡ್ ಎನ್ನುವ ಫ್ರೆಂಚ್ ಡಾಕ್ಟರ್ ಇದನ್ನು ತೋರಿಸಿದ್ದು. ನಾವು ಕ್ಲಿನಿಕ್ಕಿನಲ್ಲಿ ಈಗಲೂ ಅವರ ಹೆಸರಿನ ಪರೀಕ್ಷೆ ಹೇಳುತ್ತೇವೆ, ಕಿವುಡು ಅಂತ ನಾಟಕ ಮಾಡುವವರನ್ನು ಹಿಡಿಯಲಿಕ್ಕೆ. ಕಿವಿಗೆ ಸದ್ದು ಕೊಟ್ಟ ಕೂಡಲೇ ಓದುವ ಧ್ವನಿ ಏರಿದರೆ ಕಿವಿ ಕೇಳುತ್ತದೆ ಅಂತಲೇ ಅರ್ಥ.

ನಿಮ್ಮ ವಿಷಯಕ್ಕೆ ಬಂದರೆ, ಕಿರುಚುವಾಗ ಏರುವುದು ಮುಖ್ಯವಾಗಿ ಸ್ವರಗಳು. ‘ಆ’, ‘ಏ’, ‘ಓ’. ‘ಹ’ವನ್ನು ಎಷ್ಟು ಕಿರುಚಿದರೂ ಉಸಿರು ಉಸಿರೇ. ಹಾಗಾಗಿ ಸ್ವರ ಇನ್ನೂ ದೊಡ್ಡದು, ‘ಹ’ ಅದರ ಎದುರು ಇನ್ನೂ ಸಣ್ಣದು.

ಇನ್ನೊಂದು, ಎರಡೂ ಕಿವಿ ಮುಚ್ಚುವ ಹೆಡ್‌ಸೆಟ್ ಹಾಕಿದರೆ ನಿಮ್ಮ ಧ್ವನಿ ನಿಮಗೇ ಬಾವಿಯೊಳಗಿಂದ ಬಂದ ಹಾಗೆ ಗುಂಯ್ ಅನ್ನುತ್ತದೆ. ಎಲುಬಿನ ಮೂಲಕ ಬಂದ ಧ್ವನಿ ಕಿವಿಯ ಕಾಲುವೆಯಿಂದ ಹೊರಗೆ ಹೋಗಲಿಕ್ಕೆ ಆಗದೆ ಅಲ್ಲೇ ಉಳಿಯುತ್ತದೆ. ಆಗ ‘ಹ’, ‘ಸ’ ಸರಿ ಬಂತಾ ಇಲ್ಲವಾ ಅಂತ ನಿಮ್ಮ ಕಿವಿಗೆ ಲೆಕ್ಕ ಸಿಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಸೈಡ್‌ಟೋನ್ ಉಂಟಾ ನೋಡಿ, ನಿಮ್ಮ ಮೈಕಿನ ಧ್ವನಿಯನ್ನು ಸ್ವಲ್ಪ ನಿಮ್ಮ ಕಿವಿಗೇ ಕೊಡುವುದು. ಅದು ಆನ್ ಇದ್ದರೆ ತಾನಾಗಿ ಕಿರುಚಾಟ ಕಡಿಮೆ ಆಗುತ್ತದೆ. ಗಂಟಲೂ ಉಳಿಯುತ್ತದೆ. ದಿನಕ್ಕೆ ಎಂಟು ಗಂಟೆ ಮಳೆಗೆ ಎದುರು ಕಿರುಚಿದವರು ನಮ್ಮ ಹತ್ತಿರ ಬರುವುದು ಸೆಪ್ಟೆಂಬರ್‌ನಲ್ಲಿ.

ಮದ್ದಳೆಬೆರಳು | ಬ್ರಹ್ಮಾವರ | ಭಾನುವಾರ ಬೆಳಿಗ್ಗೆ 6:40

ನನ್ನದೂ ಒಂದು ದೂರು ಉಂಟು, ಇಲ್ಲೇ ಹಾಕುತ್ತೇನೆ. ಮುಂಬೈಯಲ್ಲಿರುವ ನಮ್ಮೂರ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಭಾಗವತಿಕೆ ಹೇಳಿಕೊಡುತ್ತೇನೆ. ಶ್ರುತಿ ಪೆಟ್ಟಿಗೆ ಆನ್ ಮಾಡಿ ಹಾಡಲಿಕ್ಕೆ ಕೂತರೆ, ಐದಾರು ಸೆಕೆಂಡ್ ಶ್ರುತಿ ಕೇಳುತ್ತದಂತೆ, ಮತ್ತೆ ಮಾಯ. ಮಕ್ಕಳು ಯಾವ ಶ್ರುತಿಗೆ ಹಾಡುವುದು? ಒಬ್ಬ ಚೆಂಡೆ ಬಾರಿಸಿದರೆ ಮೊದಲ ಪೆಟ್ಟು ಕೇಳುತ್ತದೆ, ಉಳಿದದ್ದು ಯಾರೋ ಪಕ್ಕದ ಮನೆಯಲ್ಲಿ ತೆಂಗಿನಕಾಯಿ ಸುಲಿದ ಹಾಗೆ. ಆಲಾಪನೆ ಎಳೆದರೆ ಧ್ವನಿ ನಡುಗಿ ನಡುಗಿ ತಗ್ಗುತ್ತದೆ. ಯಕ್ಷಗಾನ ಅಂದರೆ ಸದ್ದು ಅಂತ ಈ ಕಂಪ್ಯೂಟರಿಗೆ ಹೇಳಿದವರು ಯಾರು?

ಸೋಲ್ಡರ್‌ಮಾಮ | ಭಾನುವಾರ ಬೆಳಿಗ್ಗೆ 9:10

ಹಾಹಾ. ಭಾಗವತರೇ, ಯಾರೂ ಹೇಳಲಿಲ್ಲ. ‘ಬದಲಾಗದೆ ಇರುವುದೇ ಸದ್ದು’ ಅಂತ ಅದು ನಂಬಿದೆ, ಅಷ್ಟೆ.

1979ರಲ್ಲಿ ಸ್ಟೀವನ್ ಬೋಲ್ ಅವರು ಒಂದು ಸುಲಭ ದಾರಿ ತೋರಿಸಿದರು. ಮಾತಿಲ್ಲದ ಹೊತ್ತಿನಲ್ಲಿ ಸದ್ದಿನ ರೂಪ ಅಳೆದಿಡಿ, ಯಾವ ಕಂಪನದಲ್ಲಿ ಎಷ್ಟು ಅಂತ. ಮಾತು ಬಂದಾಗ ಒಟ್ಟಿನಿಂದ ಅಷ್ಟನ್ನು ಕಳೆಯಿರಿ. ಅಂಗಡಿಯಲ್ಲಿ ಡಬ್ಬದ ತೂಕ ಕಳೆದು ಎಣ್ಣೆ ತೂಗಿದ ಹಾಗೆ. ಫ್ಯಾನು, ಏಸಿ, ಒಂದೇ ಹದದ ಮಳೆ ಎಲ್ಲ ಹೋಗುತ್ತದೆ. ತೊಂದರೆ ಏನೆಂದರೆ ಸದ್ದು ಒಂದೇ ಸಮ ಇರುವುದಿಲ್ಲ. ಕಳೆದ ಮೇಲೆ ಅಲ್ಲಲ್ಲಿ ಚೂರು ಉಳಿದು ಟಿಣ್ ಟಿಣ್ ಅಂತ ಜಲತರಂಗದ ಹಾಗೆ ಮಿನುಗುತ್ತದೆ. ಅದಕ್ಕೆ ಮ್ಯೂಸಿಕಲ್ ನಾಯ್ಸ್ ಅಂತಲೇ ಹೆಸರು. ಅದನ್ನು ತೊಲಗಿಸಲಿಕ್ಕೆ ಮುಂದಿನವರು ವರ್ಷಗಟ್ಟಲೆ ಬೆವರು ಸುರಿಸಿದರು.

ನಿಮ್ಮ ಶ್ರುತಿ ಪೆಟ್ಟಿಗೆ ಎಂತ ಮಾಡುತ್ತದೆ? ಒಂದೇ ಸಮ ಗುಂಯ್. ಬದಲಾವಣೆ ಇಲ್ಲ. ಯಂತ್ರಕ್ಕೆ ಅದಕ್ಕಿಂತ ಪಕ್ಕಾ ಫ್ಯಾನು ಬೇರೆ ಬೇಕಾ! ಒಂದೆರಡು ಸೆಕೆಂಡ್ ನೋಡಿ, ‘ಇದು ಹಿನ್ನೆಲೆ’ ಅಂತ ಬರೆದುಕೊಂಡು ಕಳೆಯಲಿಕ್ಕೆ ಶುರು ಮಾಡುತ್ತದೆ. ಎಳೆದ ಆಲಾಪನೆಗೂ ಅದೇ ಗತಿ. ಚೆಂಡೆ ಪೆಟ್ಟು ಅದರ ಲೆಕ್ಕದಲ್ಲಿ ಬಾಗಿಲು ಬಡಿದದ್ದು.

ಈಗಿನವು ನ್ಯೂರಲ್ ನೆಟ್‌ವರ್ಕಿನವು, ಅಂದರೆ ಉದಾಹರಣೆ ನೋಡಿ ನೋಡಿ ಕಲಿಯುವವು. ಜಾನ್ ಮಾರ್ಕ್ ವಾಲಿನ್ ಅವರ ಆರ್‌ಎನ್‌ನಾಯ್ಸ್ ಎನ್ನುವ ಸದ್ದು ತೆಗೆಯುವ ಪ್ರೋಗ್ರಾಂ ಎಲ್ಲರಿಗೂ ಬಿಟ್ಟಿಯಾಗಿ ಸಿಗುವುದರಿಂದ ಅದನ್ನೇ ಹೇಳುತ್ತೇನೆ. ಧ್ವನಿಯನ್ನು 22 ಪಟ್ಟಿ ಮಾಡುತ್ತದೆ, ಕಿವಿ ಕೇಳುವ ರೀತಿಗೆ ತಕ್ಕ ಹಾಗೆ. ಪ್ರತಿ 10 ಮಿಲಿಸೆಕೆಂಡಿಗೆ ಒಂದೊಂದು ಪಟ್ಟಿಯನ್ನು ಎಷ್ಟು ತಗ್ಗಿಸಬೇಕು ಅಂತ ಕಲಿತ ಲೆಕ್ಕದಿಂದ ಹೇಳುತ್ತದೆ. ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ಕಲಿತದ್ದನ್ನು ಮಾತ್ರ ಬಲ್ಲದು. ಕಲಿಸಲಿಕ್ಕೆ ಸದ್ದು ಬೇಕಲ್ಲ, ಅದಕ್ಕೆ ಅವರು ‘ನಿಮ್ಮ ಮನೆಯ ಸದ್ದು ಒಂದು ನಿಮಿಷ ದಾನ ಮಾಡಿ’ ಅಂತ ಜನರಲ್ಲಿ ಕೇಳಿದ್ದರು. ಅಂಥ ರಾಶಿಗೆ ಆಟಿ ತಿಂಗಳ ತಗಡಿನ ಮಳೆ ಎಷ್ಟು ಮಂದಿ ಕಳಿಸಿಯಾರು ಹೇಳಿ. ಬಡಗುತಿಟ್ಟು ಯಕ್ಷಗಾನದ ಏರುಪದವನ್ನು ‘ಇದು ಮನುಷ್ಯನ ಧ್ವನಿ’ ಅಂತ ಅದಕ್ಕೆ ತೋರಿಸಿದವರೇ ಕಡಿಮೆ.

ಮದ್ದು ಸುಲಭ ಉಂಟು. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅಂತ ಸಂಗೀತದವರಿಗೇ ಕೊಟ್ಟಿದ್ದಾರೆ. ಆನ್ ಮಾಡಿ. ಹೆಡ್‌ಸೆಟ್ ತಂತಿಯದು ಇರಲಿ. ಬೇರೆ ಆ್ಯಪ್ ಆದರೆ ನಾಯ್ಸ್ ಸಪ್ರೆಶನ್ ಆಫ್.

ಮದ್ದಳೆಬೆರಳು | ಭಾನುವಾರ ಬೆಳಿಗ್ಗೆ 11:25

ಆನ್ ಮಾಡಿದೆ. ಶ್ರುತಿ ನಿಂತಿತು. ಜೊತೆಗೆ ನಮ್ಮ ನಾಯಿ, ಮಿಕ್ಸಿ, ಪಕ್ಕದ ಮನೆ ಮಗು ಎಲ್ಲ ಮುಂಬೈಗೆ ಹೋಯಿತು. ಇರಲಿ, ಶ್ರುತಿ ಉಂಟಲ್ಲ.

ಮಲ್ಪೆಬಂದರು | ಭಾನುವಾರ ಮಧ್ಯಾಹ್ನ 12:10

ಜುಲೈ 31ರ ತನಕ ಮೀನುಗಾರಿಕೆ ರಜೆ, ಬೋಟು ಮೇಲೆ ಹತ್ತಿ ಕೂತಿದೆ. ಹಾಗಾಗಿ ಪೂರ್ತಿ ಓದಿದೆ. ನಮ್ಮ ಇಂಜಿನ್ ಎದುರು ಮಳೆ ಎಂತ ಮಾರಾಯ್ರೆ. ವಯರ್‌ಲೆಸ್‌ನಲ್ಲಿ ನಾವು ಮಾತಾಡುವಾಗ ಮೈಕನ್ನು ತುಟಿಗೆ ಹಚ್ಚಿಯೇ ಮಾತಾಡುವುದು. ಆಚೆ ಬೋಟಿನವನಿಗೆ ಸರಿ ಕೇಳುತ್ತದೆ. ತಗಡುಶೀಟು, ನಿಮ್ಮ ಮೈಕ್ ಬಾಯಿಯಿಂದ ಎಷ್ಟು ದೂರ?

ಮತ್ತೊಂದು. ಗಾಳಿ ಬಡಿದರೆ ಬ್ಲೂಟೂತ್‌ನಲ್ಲಿ ಎಂತದೂ ಕೇಳುವುದಿಲ್ಲ. ಆದರೆ ಕೆಲವು ಹೊಸದರಲ್ಲಿ ಗಾಳಿ ತಾನಾಗಿ ಕಡಿಮೆ ಆಗುತ್ತದೆ. ಅದಕ್ಕೆ ಗಾಳಿ ಅಂತ ಗೊತ್ತಾಗುವುದು ಹೇಗೆ?

ಸೋಲ್ಡರ್‌ಮಾಮ | ಭಾನುವಾರ ಮಧ್ಯಾಹ್ನ 3:45

ಬಂದರಿನವರು ಅರ್ಧ ಪಾಠ ಹೇಳಿಬಿಟ್ಟರು. ಮೈಕು ಬಾಯಿಂದ ಆರು ಸೆಂಟಿಮೀಟರ್ ಇದ್ದದ್ದು ಮೂರಕ್ಕೆ ಬಂದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಮಳೆ ನಾಲ್ಕೂ ಕಡೆಯಿಂದ ಬರುವುದರಿಂದ ಅದು ಇದ್ದಷ್ಟೇ ಇರುತ್ತದೆ. ಯಾವ ಕಂಪನಿಯ ಯಾವ ಚಿಪ್ಪೂ ಇಷ್ಟು ಅಗ್ಗಕ್ಕೆ 6 ಡೆಸಿಬೆಲ್ ಕೊಡುವುದಿಲ್ಲ. ಬಾಯಿಯ ಎದುರಿಗೆ ನೇರ ಬೇಡ, ಉಸಿರು ಬಡಿಯುತ್ತದೆ. ತುಟಿಯ ಮೂಲೆಯ ಪಕ್ಕ.

ಗಾಳಿಯ ಪತ್ತೆ ನನಗೆ ತುಂಬಾ ಇಷ್ಟದ ಸಂಗತಿ. ಎರಡು ಮೈಕ್ 2 ಸೆಂಟಿಮೀಟರ್ ದೂರದಲ್ಲಿ ಇವೆ ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ, ಒಂದು ಮೈಕಿಗೆ ತಟ್ಟಿದ ಮೇಲೆ ಇನ್ನೊಂದಕ್ಕೆ ತಟ್ಟಲಿಕ್ಕೆ ಹೆಚ್ಚೆಂದರೆ 58 ಮೈಕ್ರೋಸೆಕೆಂಡ್. ಸ್ವಲ್ಪ ತಡ, ಆದರೆ ಅದೇ ಅಲೆ. ಈ ತಡವನ್ನು ನೋಡಿಯೇ ಮಾತು ಬಾಯಿಯ ದಿಕ್ಕಿನಿಂದ ಬಂತಾ, ಬೇರೆ ಕಡೆಯಿಂದ ಬಂತಾ ಅಂತ ಹೇಳುವುದು. ಗಾಳಿ ಹಾಗಲ್ಲ. ಅದು ದೂರದಿಂದ ಬಂದ ಶಬ್ದ ಅಲ್ಲ, ಮೈಕಿನ ಬಾಯಲ್ಲೇ ಸುಳಿ ಹುಟ್ಟಿಸುತ್ತದೆ. ಈ ಮೈಕಿನ ಸುಳಿಗೂ ಆ ಮೈಕಿನ ಸುಳಿಗೂ ಸಂಬಂಧವೇ ಇಲ್ಲ. ಹಾಗಾಗಿ ತಗ್ಗು ಕಂಪನದಲ್ಲಿ ಎರಡು ಮೈಕೂ ಬೇರೆ ಬೇರೆ ಕತೆ ಹೇಳಿದರೆ ಅದು ಗಾಳಿ. ಇಬ್ಬರು ಸಾಕ್ಷಿಯವರ ಹೇಳಿಕೆ ತಾಳೆ ಆಗದಿದ್ದರೆ ಕಟ್ಟುಕತೆ ಅಂದ ಹಾಗೆ.

ಕೊಣಾಜೆಬಸ್ | ಭಾನುವಾರ ಸಂಜೆ 7:00

ಸರ್, ನಾನು ಫೈನಲ್ ಇಯರ್ ಎಲೆಕ್ಟ್ರಾನಿಕ್ಸ್. ಇದನ್ನೇ ಪ್ರಾಜೆಕ್ಟ್ ಮಾಡಬಹುದಾ? ನನ್ನ ಐಡಿಯಾ: ಕೆನ್ನೆಗೆ ತಾಗುವ ಹಾಗೆ ಒಂದು ಕಂಪನ ಸೆನ್ಸರ್. ಮಳೆ ಎಲುಬನ್ನು ನಡುಗಿಸುವುದಿಲ್ಲ, ಮಾತು ನಡುಗಿಸುತ್ತದೆ. ಎಲುಬು ನಡುಗಿದರೆ ಗೇಟು ತೆರೆ. ಇದಕ್ಕೆ ಪೇಟೆಂಟ್ ಸಿಗುತ್ತದಾ?

ಸೋಲ್ಡರ್‌ಮಾಮ | ಭಾನುವಾರ ರಾತ್ರಿ 8:30

ಐಡಿಯಾ ಒಳ್ಳೆಯದು, ಹೊಸದಲ್ಲ ಮಗ. ಜಾಬೋನ್ ಅಂತ ಒಂದು ಬ್ಲೂಟೂತ್ ಹೆಡ್‌ಸೆಟ್ ಇತ್ತು, ಅದರಲ್ಲಿ ಕೆನ್ನೆಗೆ ತಾಗುವ ಸಣ್ಣ ಗುಬ್ಬಿಯೇ ಇತ್ತು. 2016ರಲ್ಲಿ ಬಂದ ಏರ್‌ಪಾಡ್ಸ್‌ನಲ್ಲಿ ಮಾತು ಹಿಡಿಯಲಿಕ್ಕೆ ಆ್ಯಕ್ಸೆಲೆರೋಮೀಟರ್, ಅಂದರೆ ನಡುಕ ಅಳೆಯುವ ಸೆನ್ಸರ್ ಹಾಕಿದರು. ಎರಡನೇ ಮಹಾಯುದ್ಧದ ಪೈಲಟ್‌ಗಳು ಗಂಟಲಿಗೆ ಕಟ್ಟುವ ಮೈಕಿನಲ್ಲಿ ಮಾತಾಡಿದ್ದರು.

ಮತ್ತೆ ಒಂದು ಮುಖ್ಯ ಪ್ರಶ್ನೆ. ನಿನ್ನ ಸೆನ್ಸರ್ ತಗಡುಶೀಟು ಅವರ ‘ಹ’ವನ್ನು ಹಿಡಿಯುತ್ತದಾ? ಯೋಚಿಸಿ ಹೇಳು.

ಕೊಣಾಜೆಬಸ್ | ಭಾನುವಾರ ರಾತ್ರಿ 11:48

ಇಲ್ಲ ಸರ್. ಈಗ ಗಂಟಲಿಗೆ ಕೈ ಇಟ್ಟು ನೋಡಿದೆ. ‘ಸ’ಕ್ಕೆ ನಡುಕವೇ ಇಲ್ಲ. ‘ಹೇ’ ಅಂದರೆ ‘ಏ’ ಬಂದ ಮೇಲೆಯೇ ಗೊತ್ತಾಗುವಷ್ಟು ನಡುಗುತ್ತದೆ. ಅಂದರೆ ಸೆನ್ಸರ್ ಕೂಡ ತಡವಾಗಿಯೇ ಎಚ್ಚರ ಆಗುತ್ತದೆ.

ಆದರೆ ಸರ್, ಹೀಗೆ ಮಾಡಿದರೆ? ಮೈಕಿನಿಂದ ಬಂದದ್ದನ್ನು ಯಾವಾಗಲೂ ಒಂದು ಸಣ್ಣ ಟ್ಯಾಂಕಿಯಲ್ಲಿ ಹಿಡಿದಿಡುವುದು, ಹಿಂದಿನ 80 ಮಿಲಿಸೆಕೆಂಡ್‌ನಷ್ಟು. ಎಲುಬು ನಡುಗಿದ ಕೂಡಲೇ ಈಗಿನಿಂದ ಅಲ್ಲ, 80 ಮಿಲಿಸೆಕೆಂಡ್ ಹಿಂದಿನಿಂದ ಬಿಡುವುದು. ‘ಏ’ ಬಂತು ಅಂದರೆ ಅದರ ಹಿಂದೆ ನಿಂತಿದ್ದ ‘ಹ’ವನ್ನೂ ಕರೆದುಕೊಂಡು ಬರುವುದು.

ಸೋಲ್ಡರ್‌ಮಾಮ | ಸೋಮವಾರ ಬೆಳಿಗ್ಗೆ 6:50

ಶಾಭಾಸ್! ರಾತ್ರಿ ಹನ್ನೆರಡಕ್ಕೆ ಗಂಟಲು ಹಿಡಿದುಕೊಂಡು ‘ಹೇ ಹೇ’ ಅಂದವನಿಗೆ ಡಿಗ್ರಿ ಕೊಡಲೇಬೇಕು. ಹಿಂದಿನದನ್ನು ಹಿಡಿದಿಡುವ ಉಪಾಯ ಗೊತ್ತಿರುವುದೇ. ಆದರೆ ತಾನಾಗಿ ಹೊಳೆಯಿತಲ್ಲ, ಅದು ದೊಡ್ಡದು.

ಇದಕ್ಕೆ ಬೆಲೆ ತೆರಬೇಕು. ಟ್ಯಾಂಕಿಯಲ್ಲಿ ನಿಂತಷ್ಟು ಹೊತ್ತು ಮಾತು ತಡ. ಫೋನಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಇದ್ದರೆ ಸಾಮಾನ್ಯವಾಗಿ ಜನರಿಗೆ ಗೊತ್ತಾಗುವುದಿಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಮಾರ್ಗಸೂಚಿ. ಅದರಲ್ಲಿ ನೆಟ್‌ವರ್ಕ್, ಬ್ಲೂಟೂತ್ ಎಲ್ಲ ಪಾಲು ಕೇಳುತ್ತವೆ. ನೀನು ಒಬ್ಬನೇ 80 ತಿಂದರೆ? ತಡ ಜಾಸ್ತಿಯಾದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ನಿಲ್ಲಿಸಿ, ‘ನೀವು ಹೇಳಿ, ಅಲ್ಲ ನೀವು ಹೇಳಿ’ ಆಗುತ್ತದೆ. ನಿನ್ನ ಪ್ರಾಜೆಕ್ಟ್ ನಿಜವಾಗಿ ಇಲ್ಲಿ ಶುರು. ಎಷ್ಟು ಕಡಿಮೆ ಹಿಡಿದಿಟ್ಟರೆ ‘ಹ’ ಉಳಿಯುತ್ತದೆ? 30 ಸಾಕಾ? ಅಮ್ಮ, ಅಜ್ಜಿ, ಗೆಳೆಯರು ಎಲ್ಲರ ‘ಹ’ ರೆಕಾರ್ಡ್ ಮಾಡಿ ಅಳೆ. ತುಳು, ಬ್ಯಾರಿ, ಕೊಂಕಣಿ ಮಾತಾಡುವವರದ್ದನ್ನೂ ಸೇರಿಸು.

ಬಿಜೈಗುಮಾಸ್ತ | ಮಂಗಳೂರು | ಸೋಮವಾರ ಬೆಳಿಗ್ಗೆ 10:15

ಪೇಟೆಂಟ್ ವಿಷಯ ನನಗೆ ಬಿಡಿ. ನಮ್ಮ ಪೇಟೆಂಟ್ ಕಾಯ್ದೆ 1970ರದ್ದು. ಅದರ 3(ಕೆ) ಕಲಂ ಪ್ರಕಾರ ಬರೀ ಲೆಕ್ಕದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ ಇವಕ್ಕೆ ಪೇಟೆಂಟ್ ಇಲ್ಲ. ‘ಹೀಗೆ ಲೆಕ್ಕ ಹಾಕಿದರೆ ಮಾತು ಗೊತ್ತಾಗುತ್ತದೆ’ ಅಂತ ಮಾತ್ರ ಬರೆದರೆ ವಾಪಸ್ ಬರುತ್ತದೆ. ‘ಕೆನ್ನೆಗೆ ತಾಗುವ ಸೆನ್ಸರ್, ಈ ಮೈಕ್, ಈ ಜೋಡಣೆ, ಇದರಿಂದ ಈ ತಾಂತ್ರಿಕ ಲಾಭ’ ಅಂತ ಸಾಧನವಾಗಿ ಬರೆದರೆ ಮಾತಾಡಲಿಕ್ಕೆ ಜಾಗ ಉಂಟು. ಹೊಸತು ಯಾವುದು ಅಂತ ತೋರಿಸಬೇಕು, ಮಾಮ ಹೇಳಿದ ಹಳೆಯವೆಲ್ಲ ಎದುರಿಗೆ ಬರುತ್ತವೆ.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಮೊದಲು ತಾತ್ಕಾಲಿಕ ವಿವರಣೆ ಹಾಕಬಹುದು, 12 ತಿಂಗಳೊಳಗೆ ಪೂರ್ತಿ ವಿವರಣೆ ಕೊಡಬೇಕು. ಸಿಕ್ಕಿದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ. ಮತ್ತೆ ತಮ್ಮಾ, ಅರ್ಜಿ ಹಾಕುವ ಮೊದಲು ಕಾಲೇಜು ಫೆಸ್ಟ್‌ನಲ್ಲಿ ತೋರಿಸಿ, ಯೂಟ್ಯೂಬ್‌ಗೆ ಹಾಕಿ, ಆಮೇಲೆ ನಮ್ಮ ಹತ್ತಿರ ಓಡಿ ಬರಬೇಡ. ಈಗಲೇ ಇಲ್ಲಿ ಎಲ್ಲರೆದುರು ಬರೆದುಬಿಟ್ಟೆ.

ಕೊಣಾಜೆಬಸ್ | ಸೋಮವಾರ ಬೆಳಿಗ್ಗೆ 10:22

ಅಯ್ಯೋ.

ಪಡುಬಿದ್ರಿಜಂಕ್ಷನ್ | ಸೋಮವಾರ ಬೆಳಿಗ್ಗೆ 10:40

ಹೋಗಲಿ ಬಿಡು, ಹೇಗೂ ಹಳೆಯ ಉಪಾಯ ಅಂತ ಮಾಮ ಹೇಳಿದರಲ್ಲ. ಮಾರ್ಕಾದರೂ ಸಿಗುತ್ತದೆ.

ಸೋಲ್ಡರ್‌ಮಾಮ | ಸೋಮವಾರ ಬೆಳಿಗ್ಗೆ 11:30

ತಗಡುಶೀಟು ಎಲ್ಲಿ? ಹೆಡ್‌ಸೆಟ್ಟಿನ ಫೋಟೋ ಹಾಕಿ, ಮೈಕಿನ ತುದಿ ಹತ್ತಿರದಿಂದ.

ತಗಡುಶೀಟು | ಸೋಮವಾರ ಮಧ್ಯಾಹ್ನ 2:10

ಹಾಕಿದೆ. ಹಳೆಯದು, ಯುಎಸ್‌ಬಿ ತಂತಿಯದು. ತುದಿಯ ಸ್ಪಂಜು ಹೋದ ವರ್ಷವೇ ಪುಡಿ ಪುಡಿಯಾಗಿ ಬಿದ್ದುಹೋಯಿತು. ಮಳೆಗಾಲದ ಥಂಡಿಗೆ ಫಂಗಸ್ ಹಿಡಿಯಬಾರದು ಅಂತ ಜೂನ್‌ನಲ್ಲಿ ನಾನೇ ತುದಿಗೆ ಸೆಲ್ಲೋ ಟೇಪ್ ಸುತ್ತಿದೆ. ಬಾಯಿ ಕಡೆಯ ತೂತು ಮಾತ್ರ ಬಿಟ್ಟಿದ್ದೇನೆ.

ಸೋಲ್ಡರ್‌ಮಾಮ | ಸೋಮವಾರ ಮಧ್ಯಾಹ್ನ 2:18

ಟೇಪ್ ತೆಗೆಯಿರಿ. ಈಗಲೇ.

ಹಿಂಭಾಗದಲ್ಲಿ ಇನ್ನೊಂದು ಸಣ್ಣ ತೂತು ಉಂಟು, ಫೋಟೋದಲ್ಲಿ ಟೇಪಿನ ಅಡಿಯಲ್ಲಿ ನನಗೆ ಕಾಣುತ್ತದೆ. ಅದು ಕಸ ಹೋಗಲಿಕ್ಕೆ ಇಟ್ಟದ್ದಲ್ಲ. ಈ ಮೈಕಿನ ಒಳಗೆ ಒಂದು ತೆಳು ಪರದೆ. ದೂರದ ಸದ್ದು ಎದುರಿನ ತೂತಿನಿಂದಲೂ ಹಿಂದಿನ ತೂತಿನಿಂದಲೂ ಹೆಚ್ಚುಕಡಿಮೆ ಸಮ ಬಲದಲ್ಲಿ ಒಳಗೆ ಬರುತ್ತದೆ. ಪರದೆಯನ್ನು ಎರಡೂ ಕಡೆಯಿಂದ ದೂಡಿದರೆ ಅದು ಅಲುಗುವುದು ಕಡಿಮೆ. ನಿಮ್ಮ ಬಾಯಿ ಎದುರಿನ ತೂತಿಗೆ ಅಷ್ಟು ಹತ್ತಿರ ಇರುವುದರಿಂದ ಮಾತು ಒಂದು ಕಡೆಯಿಂದಲೇ ಜೋರಾಗಿ ದೂಡುತ್ತದೆ. ಚಿಪ್ಪೂ ಇಲ್ಲ, ಪ್ರೋಗ್ರಾಮೂ ಇಲ್ಲ, ಬರೀ ಎರಡು ತೂತು. ನೀವು ಒಂದನ್ನು ಮುಚ್ಚಿದಿರಿ. ಅಲ್ಲಿಂದ ಅದು ನಾಲ್ಕೂ ದಿಕ್ಕಿನ ಸದ್ದು ಹಿಡಿಯುವ ಮಾಮೂಲಿ ಮೈಕ್ ಆಯಿತು. ಮಳೆ ಪೂರಾ ಒಳಗೆ ಬಂತು, ಅದನ್ನು ತೆಗೆಯಲಿಕ್ಕೆ ಆ್ಯಪ್ ಹಾರಾಡಿತು, ‘ಹ’ ಸತ್ತಿತು.

ಜೂನ್‌ನಲ್ಲಿ ಶುರುವಾದದ್ದು ಮಳೆ ಮಾತ್ರ ಅಲ್ಲ, ಟೇಪೂ.

ತಗಡುಶೀಟು | ಸೋಮವಾರ ಮಧ್ಯಾಹ್ನ 2:35

ಎಂತ ಅವಸ್ಥೆ ಮಾರಾಯ್ರೆ. ತೆಗೆದೆ. ಅಂಟು ಉಳಿದಿತ್ತು, ಸೀಮೆಎಣ್ಣೆ ಹಚ್ಚಲಾ?

ಸೋಲ್ಡರ್‌ಮಾಮ | ಸೋಮವಾರ ಮಧ್ಯಾಹ್ನ 2:37

ಬೇಡವೇ ಬೇಡ! ಒಣ ಬ್ರಷ್ ಸಾಕು. ಹಲ್ಲುಜ್ಜುವ ಹಳೆಯದು. ಮತ್ತೆ ಹೆಡ್‌ಸೆಟ್ಟಿನ ಸಾಫ್ಟ್‌ವೇರಿನಲ್ಲಿ ನಾಯ್ಸ್ ತೆಗೆಯುವುದು ಆನ್ ಇದ್ದು, ಆಫೀಸಿನ ಆ್ಯಪ್‌ನಲ್ಲೂ ಆನ್ ಇದ್ದರೆ, ಒಂದನ್ನು ಆಫ್ ಮಾಡಿ. ಒಬ್ಬ ತೆಗೆದ ಮೇಲೆ ಉಳಿದದ್ದನ್ನು ಇನ್ನೊಬ್ಬ ಪುನಃ ಕೆರೆಯುತ್ತಾನೆ.

ತಗಡುಶೀಟು | ಸೋಮವಾರ ರಾತ್ರಿ 9:00

ಹೆಡ್‌ಸೆಟ್ಟಿನದ್ದು ಆಫ್ ಮಾಡಿದೆ. ಆಫೀಸಿನದ್ದು ಅವರ ಕೈಯಲ್ಲಿ, ನನಗೆ ಆ ಬಟನ್ನೇ ಕಾಣುವುದಿಲ್ಲ. ಮೈಕ್ ತುಟಿ ಮೂಲೆಗೆ ಎರಡು ಬೆರಳಿನಷ್ಟು ಹತ್ತಿರ ತಂದೆ. ಸೈಡ್‌ಟೋನ್ ಉಂಟು ಅಂತಲೇ ಗೊತ್ತಿರಲಿಲ್ಲ, ಆನ್ ಮಾಡಿದೆ.

ಈಗ ಟೆಸ್ಟ್ ಮಾಡಲಿಕ್ಕೆ ಕೂತರೆ ಮಳೆಯೇ ಇಲ್ಲ. ನಕ್ಷತ್ರ ಕಾಣುತ್ತದೆ.

ಪಡುಬಿದ್ರಿಜಂಕ್ಷನ್ | ಸೋಮವಾರ ರಾತ್ರಿ 9:04

ಕಾರ್ಕಳದಲ್ಲಿ ಸುರಿಯುತ್ತಾ ಉಂಟಂತೆ. ಪಾರ್ಸೆಲ್ ಕಳಿಸಲಾ?

ತಗಡುಶೀಟು | ಬುಧವಾರ ಬೆಳಿಗ್ಗೆ 5:20

ನಿನ್ನೆ ರಾತ್ರಿ ಮೂರಕ್ಕೆ ಬಂತು. ಎದ್ದು ಹೆಡ್‌ಸೆಟ್ ಹಾಕಿ ತಂಗಿಗೆ ಕಾಲ್ ಮಾಡಿದೆ, ಪಾಪ ಬೈದುಕೊಂಡೇ ರೆಕಾರ್ಡ್ ಮಾಡಿದಳು. ಇಪ್ಪತ್ತು ಸರ್ತಿ ‘ಹೇಳಿ’ ಅಂದೆ. ಹದಿನೇಳು ಸರಿ. ಮೂರು ಸರ್ತಿ ‘ಏಳಿ’. ಆ ಮೂರೂ ತುಂಬಾ ಹೊತ್ತು ಸುಮ್ಮನಿದ್ದು ಹೇಳಿದವು.

ಅದಕ್ಕೆ ಈಗ ನಾನೇ ಒಂದು ಟ್ಯಾಂಕಿ ಮಾಡಿಕೊಂಡಿದ್ದೇನೆ, ಕೊಣಾಜೆ ತಮ್ಮನ ಪೇಟೆಂಟಿಗೆ ತೊಂದರೆ ಇಲ್ಲದ್ದು. ‘ಆಂ, ಹೇಳಿ ಸರ್’ ಅನ್ನುವುದು. ‘ಆಂ’ ಹೋಗಿ ಗೇಟು ತೆರೆದಿಟ್ಟಿರುತ್ತದೆ, ‘ಹ’ ಹಿಂದಿನಿಂದ ನುಗ್ಗುತ್ತದೆ. ಇಪ್ಪತ್ತಕ್ಕೆ ಇಪ್ಪತ್ತು ಸರಿ ಬಂತು.

ಅಮ್ಮ ಕಾಫಿ ತಂದವರು ಕೇಳಿ ಹೇಳಿದರು, ನಿನ್ನ ಅಜ್ಜನೂ ಫೋನ್ ತೆಗೆದರೆ ಹೀಗೇ ಶುರು ಮಾಡುತ್ತಿದ್ದದ್ದು ಅಂತ.